ಆಟ ಕಟ್ಟಿದವಳು

ಹೆಂಗಸರು ತಲೆತಲಾಂತರದಿಂದ ಆಡಿಕೊಂಡು ಬಂದ ಆಟಗಳಿಗೆ ಹೆಸರಿದೆ, ನಿಯಮವಿದೆ, ಆಡುವುದಕ್ಕೆ ಇಂಥ ಕಾಲ ಎಂಬ ಕಟ್ಟೂ ಇದೆ. ಅವುಗಳನ್ನು ಕಟ್ಟಿದವರ ಹೆಸರು ಮಾತ್ರ ಇಲ್ಲ. ಚೌಕಾಬಾರದ ಐದೈದು ಮನೆಗಳನ್ನು ಮೊದಲು ನೆಲದ ಮೇಲೆ ಬರೆದವರು ಯಾರು? ಅಳಗುಳಿಮಣೆಯಲ್ಲಿ ಒಬ್ಬೊಬ್ಬರಿಗೆ ಏಳೇಳು ಗುಳಿ ಇರಲಿ ಎಂದು ಗೊತ್ತು ಮಾಡಿದವರು ಯಾರು? ಮನೆಯಲ್ಲಿ ಹಿರಿಯರನ್ನು ಕೇಳಿದರೆ, "ಹಿಂದಿನಿಂದ ಬಂದದ್ದಮ್ಮ, ನಮ್ಮಜ್ಜಿ ಆಡ್ತಿದ್ರು" ಎನ್ನುತ್ತಾರೆ. ಆ ಅಜ್ಜಿಗೆ ಅವರ ಅಜ್ಜಿ. ಅಲ್ಲಿಂದ ಹಿಂದಕ್ಕೆ ದಾರಿಯೇ ಇಲ್ಲ. ಹಸೆಹಾಡುಗಳ ಗತಿಯೂ ಇದೇ, ರಂಗೋಲಿಯ ಎಳೆಗಳ ಗತಿಯೂ ಇದೇ. ಮಾಡಿದವಳು ಮರೆಯಾಗಿ, ಮಾಡಿದ್ದು ಉಳಿದಿದೆ.

ಕಟ್ಟಿದವರ ಹೆಸರು ಉಳಿದ ಆಟಗಳೂ ನಮ್ಮಲ್ಲಿ ಉಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. ಸಿಂಹಾಸನ ಇದ್ದು ಅಧಿಕಾರ ಇಲ್ಲದ ಆ ವರ್ಷಗಳಲ್ಲಿ ಅರಸರು ಬರವಣಿಗೆಯನ್ನೂ ಆಟಗಳನ್ನೂ ಹಚ್ಚಿಕೊಂಡರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದು ಆಟಗಳದ್ದೇ ಭಂಡಾರ. ಚದುರಂಗದ ಕುದುರೆ ಒಂದು ಮನೆಯನ್ನೂ ಬಿಡದೆ, ಯಾವ ಮನೆಯನ್ನೂ ಎರಡು ಸಲ ತುಳಿಯದೆ ಇಡೀ ಹಾಸನ್ನು ಸುತ್ತುವ ಲೆಕ್ಕಗಳನ್ನು ಅವರು ಕಟ್ಟಿದರು. ಅರಸರಾದ್ದರಿಂದ ಹೆಸರು ಉಳಿಯಿತು. ಬರೆದಿಡಲು ಪಂಡಿತರಿದ್ದರು, ಚಿತ್ರ ಬಿಡಿಸಲು ಚಿತ್ರಗಾರರಿದ್ದರು, ಕಾಪಾಡಲು ಅರಮನೆಯಿತ್ತು.

ಅವರು ತೀರಿಕೊಂಡದ್ದು 1868ರಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1866ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಮಕೂಂಬ್ ಎಂಬ ಊರಿನಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಎಲಿಜಬೆತ್ ಮಗೀ ಎಂದು ಹೆಸರು. ಕರೆಯುವುದು ಲಿಜ್ಜಿ ಎಂದು. ಈಕೆಗೆ ಪಂಡಿತರಿರಲಿಲ್ಲ, ಅರಮನೆಯಿರಲಿಲ್ಲ. ಬರೆದಳು, ಆಟ ಕಟ್ಟಿದಳು, ಹೆಸರು ಉಳಿಯಲೆಂದು ಸರ್ಕಾರದ ಕಚೇರಿಯಲ್ಲಿ ದಾಖಲೆಯನ್ನೂ ಮಾಡಿಸಿದಳು. ಆದರೂ ಹೆಸರು ಅಳಿಸಿಹೋಯಿತು. ಆಕೆಯ ಆಟದ ಮರಿಮಗಳು ನಮ್ಮ ನಿಮ್ಮ ಮನೆಯ ಅಟ್ಟದ ಮೇಲೆ, ಮೂಲೆ ಹರಿದ ರಟ್ಟಿನ ಪೆಟ್ಟಿಗೆಯಲ್ಲಿ ಇಂದಿಗೂ ಇದ್ದಾಳೆ. ಬೇಸಿಗೆ ರಜೆಯಲ್ಲಿ ಮಕ್ಕಳು ಬೊಂಬಾಯಿ, ದೆಹಲಿ, ಮದರಾಸುಗಳನ್ನು ಕೊಂಡು, ಅಣ್ಣತಮ್ಮಂದಿರಿಂದಲೇ ಬಾಡಿಗೆ ವಸೂಲಿ ಮಾಡಿ, ಜಗಳವಾಡಿ, ಹಾಸನ್ನು ಮಗುಚಿ ಎದ್ದುಹೋಗುವ 'ಬಿಸಿನೆಸ್' ಆಟ ಅದು. ಪರದೇಶದಲ್ಲಿ ಅದಕ್ಕೆ 'ಮೊನೊಪೊಲಿ' ಎಂದು ಹೆಸರು. ಏಕಸ್ವಾಮ್ಯ ಎಂದರ್ಥ.

ನನ್ನ ಅಕ್ಕನ ಮಗ ಒಂದು ಸಲ ಊರಿಗೆ ಬಂದಾಗ ಮೇರಿ ಪೈಲನ್ ಎಂಬ ಪತ್ರಕರ್ತೆ 2015ರಲ್ಲಿ ಪ್ರಕಟಿಸಿದ 'ದಿ ಮೊನೊಪೊಲಿಸ್ಟ್ಸ್' ಎಂಬ ಪುಸ್ತಕವನ್ನು ತಂದಿದ್ದ. "ಚಿಕ್ಕಮ್ಮ, ನೀವು ಇತಿಹಾಸದ ಟೀಚರು, ಇದು ನಿಮಗೆ ಸೇರುತ್ತೆ" ಎಂದು ಕೊಟ್ಟುಹೋದ. ರಾಜರ ಯುದ್ಧ, ಒಪ್ಪಂದಗಳ ಪಾಠ ಮಾಡಿ ಮಾಡಿ ಸವೆದ ನನಗೆ, ಒಂದು ಆಟಕ್ಕೂ ಇಷ್ಟು ದೊಡ್ಡ ಚರಿತ್ರೆ ಇರುತ್ತದೆಂದು ತಿಳಿದದ್ದು ಅದರಿಂದ.

ಲಿಜ್ಜಿಯ ತಂದೆ ಜೇಮ್ಸ್ ಮಗೀ ಪತ್ರಿಕೆ ನಡೆಸುತ್ತಿದ್ದವರು, ಗುಲಾಮಗಿರಿಯನ್ನು ವಿರೋಧಿಸಿದವರು. 1858ರಲ್ಲಿ ಅಬ್ರಹಾಂ ಲಿಂಕನ್ ಇಲಿನಾಯ್ ರಾಜ್ಯದಲ್ಲಿ ಊರೂರು ತಿರುಗಿ ಡಗ್ಲಾಸ್ ಎಂಬ ಎದುರಾಳಿಯೊಡನೆ ವಾದ ಮಾಡಿದಾಗ ಅವರ ಜೊತೆಗೆ ಓಡಾಡಿದವರು. ಮಗಳಿಗೆ ಅವರು ಕೊಟ್ಟ ಆಸ್ತಿ ಎಂದರೆ ಒಂದು ಪುಸ್ತಕ: ಹೆನ್ರಿ ಜಾರ್ಜ್ ಎಂಬಾತ 1879ರಲ್ಲಿ ಬರೆದ 'ಪ್ರೋಗ್ರೆಸ್ ಅಂಡ್ ಪಾವರ್ಟಿ'. ದೇಶ ಇಷ್ಟು ಮುಂದುವರಿದರೂ ಬಡತನ ಏಕೆ ಹೋಗಲಿಲ್ಲ ಎಂಬುದು ಆ ಪುಸ್ತಕದ ಪ್ರಶ್ನೆ.

ಜಾರ್ಜನ ಉತ್ತರ ನಮಗೆ ಅರ್ಥವಾಗದಂಥದ್ದೇನಲ್ಲ. ನೆಲವನ್ನು ಯಾರೂ ಹುಟ್ಟಿಸಿದ್ದಲ್ಲ. ಊರು ಬೆಳೆದ ಹಾಗೆ ನೆಲಕ್ಕೆ ಬೆಲೆ ಏರುತ್ತದೆ. ಬಸ್ ನಿಲ್ದಾಣ ಬಂದರೆ ಪಕ್ಕದ ಸೈಟಿನ ಬೆಲೆ ಹತ್ತು ಪಟ್ಟಾಗುವುದನ್ನು ನಾವೇ ನೋಡಿಲ್ಲವೇ? ಸೈಟಿನ ಒಡೆಯ ಅದಕ್ಕಾಗಿ ಒಂದು ಹನಿ ಬೆವರು ಸುರಿಸಿರುವುದಿಲ್ಲ. ಆ ಬೆಲೆ ತಂದವರು ಊರಿನವರೆಲ್ಲ. ಆದ್ದರಿಂದ ಬರಿನೆಲಕ್ಕೆ ಬರುವ ಬಾಡಿಗೆ ತೆರಿಗೆಯಾಗಿ ಊರಿನ ಬೊಕ್ಕಸಕ್ಕೆ ಸೇರಲಿ, ಮನುಷ್ಯ ದುಡಿದದ್ದಕ್ಕೆ, ಕಟ್ಟಿದ್ದಕ್ಕೆ ತೆರಿಗೆ ಬೇಡ ಎಂದ ಜಾರ್ಜ್. ನಮ್ಮ ತಾತನವರದು ಗೇಣಿಗೆ ಹೊಲ ಮಾಡುತ್ತಿದ್ದ ಮನೆ. ಬೆಳೆ ಬರಲಿ ಬಾರದಿರಲಿ ಒಡೆಯರ ಮನೆಗೆ ಗೇಣಿ ಅಳೆಯಲೇಬೇಕಿತ್ತು. 1974ರ ಭೂಸುಧಾರಣೆಯಿಂದ ಹೊಲ ನಮ್ಮದಾಯಿತು. ಜಾರ್ಜನ ದಾರಿ ಬೇರೆ, ನಮ್ಮ ಸರ್ಕಾರದ ದಾರಿ ಬೇರೆ. ಆದರೆ ಎರಡರ ಹಿಂದೆಯೂ ಇದ್ದ ಸಂಕಟ ಒಂದೇ ಎಂದು ಓದುವಾಗ ನನಗೆ ಅನ್ನಿಸಿತು.

ಲಿಜ್ಜಿ ದುಡಿಯುವ ಹೆಣ್ಣು. ವಾಷಿಂಗ್ಟನ್ನಿನಲ್ಲಿ ವಿಳಾಸ ಸಿಗದ ಕಾಗದಗಳೆಲ್ಲ ಬಂದು ಸೇರುವ ಅಂಚೆ ಕಚೇರಿಯಲ್ಲಿ ಶೀಘ್ರಲಿಪಿಯ ಕೆಲಸ. ಹಗಲೆಲ್ಲ ಬೇರೆಯವರ ಮಾತು ಬರೆದುಕೊಂಡು, ಸಂಜೆ ತನ್ನ ಮಾತು ಬರೆಯುತ್ತಿದ್ದಳು. 1892ರಲ್ಲಿ ಒಂದು ಕವನಸಂಗ್ರಹ ಹೊರತಂದಳು. ಕಥೆ ಬರೆದಳು, ರಂಗದ ಮೇಲೆ ನಿಂತು ಜನರನ್ನು ನಗಿಸಿದಳು. ಆಕೆಯ ಒಂದು ಕಥೆಯ ಹೆಸರನ್ನು ಕನ್ನಡದಲ್ಲಿ 'ಮಿದುಳಿನ ಕಳವು' ಎನ್ನಬಹುದು. ತಾನು ಕಟ್ಟಿದ ಬರಹವನ್ನು ಇನ್ನೊಬ್ಬ ಕದ್ದು ತನ್ನದೆಂದು ಅಚ್ಚುಹಾಕಿಸಿದ್ದನ್ನು ಕಾಣುವ ಲೇಖಕಿಯ ಕಥೆ ಅದು. ಹಣೆಬರಹವನ್ನು ಮುಂಚೆಯೇ ಬರೆದಿಟ್ಟ ಹಾಗಿದೆ.

ಬರಹದ ಕೈ ಯಂತ್ರಕ್ಕೂ ಹೊರಳಿತು. ದಿನವಿಡೀ ಟೈಪ್‌ರೈಟರಿನ ಮುಂದೆ ಕುಳಿತವಳಿಗೆ ಅದರ ತೊಡಕು ಗೊತ್ತಿತ್ತು. ಉರುಳೆಗಳ ನಡುವೆ ಕಾಗದ ಸಲೀಸಾಗಿ ಸಾಗುವ ಒಂದು ಉಪಾಯ ಕಂಡುಹಿಡಿದು 1893ರಲ್ಲಿ ಪೇಟೆಂಟ್ ಪಡೆದಳು. ಆಗ ವಯಸ್ಸು 26. ಅಮೆರಿಕದ ಪೇಟೆಂಟುಗಳಲ್ಲಿ ನೂರಕ್ಕೆ ಒಂದು ಕೂಡ ಹೆಂಗಸರ ಹೆಸರಿನಲ್ಲಿ ಇರದಿದ್ದ ಕಾಲ. ಮದುವೆಯಾಗಿರಲಿಲ್ಲ. ಸಂಬಳದಲ್ಲಿ ಉಳಿಸಿ ವಾಷಿಂಗ್ಟನ್ನಿನ ಹತ್ತಿರ ಸ್ವಂತ ಮನೆಯನ್ನೂ ಕೆಲವು ಎಕರೆ ಜಮೀನನ್ನೂ ಕೊಂಡಿದ್ದಳು. ಇಷ್ಟು ಸಾಲದೆಂದು, ಕೆಲಸ ಮುಗಿಸಿ ಬಂದ ಮೇಲೆ ಜಾರ್ಜನ ತತ್ತ್ವವನ್ನು ಪಾಠ ಹೇಳುತ್ತಿದ್ದಳು. ಆದರೆ ಪಾಠಕ್ಕೆ ಬರುವವರು ಎಷ್ಟು ಜನ? ತೆರಿಗೆ, ಬಾಡಿಗೆ, ಭೂಮಿಯ ಬೆಲೆ ಎಂದರೆ ಕೇಳುವವರಿಗೆ ಆಕಳಿಕೆ ಬರುತ್ತದೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ಆ ಆಕಳಿಕೆಯ ಪರಿಚಯ ಚೆನ್ನಾಗಿದೆ.

ಹಾಗಾಗಿ ಲಿಜ್ಜಿ ಪಾಠವನ್ನು ಆಟ ಮಾಡಿದಳು. 1903ರಲ್ಲಿ ಅರ್ಜಿ ಹಾಕಿ, 1904ರ ಜನವರಿ 5ರಂದು ಪೇಟೆಂಟ್ ಪಡೆದಳು. 'ದಿ ಲ್ಯಾಂಡ್‌ಲಾರ್ಡ್ಸ್ ಗೇಮ್', ಎಂದರೆ ಜಮೀನ್ದಾರನ ಆಟ. ಚೌಕಾಕಾರದ ಹಾಸು, ಅಂಚಿನ ಸುತ್ತ ಮನೆಗಳು. ಆ ಕಾಲದ ಅನೇಕ ಆಟಗಳು ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತಿದ್ದವು. ಇದರಲ್ಲಿ ಕಾಯಿ ಸುತ್ತುತ್ತಲೇ ಇರಬೇಕು, ದಿನ ಬೆಳಗಾದರೆ ಮತ್ತೆ ಅದೇ ಗಾಣ ಎಂಬ ಬಾಳಿನ ಹಾಗೆ. ಒಂದು ಮೂಲೆಯ ಹೆಸರು ಭೂಮಿತಾಯಿ. ಅದನ್ನು ದಾಟಿದಾಗಲೆಲ್ಲ ದುಡಿಮೆಯ ಕೂಲಿಯೆಂದು ನೂರು ಡಾಲರ್ ಸಿಗುತ್ತದೆ. ಇನ್ನೊಂದು ಮೂಲೆಯಲ್ಲಿ ಸೆರೆಮನೆ. ಕೈಯಲ್ಲಿ ಕಾಸಿಲ್ಲದವರಿಗೆ ಅನಾಥಾಲಯ. ನಡುನಡುವೆ ರೈಲು ನಿಲ್ದಾಣಗಳು, ಕೊಳ್ಳುವ ಜಮೀನುಗಳು, ಕೊಳ್ಳದೆ ವಿಧಿಯಿಲ್ಲದ ದಿನಬಳಕೆಯ ವಸ್ತುಗಳು. ಲಂಡನ್ನಿನಲ್ಲಿ ಕುಳಿತ ಒಬ್ಬ ಲಾರ್ಡನಿಗೆ ಸೇರಿದ ಜಾಗವೂ ಒಂದಿದೆ. ಅಪ್ಪಿತಪ್ಪಿ ಅಲ್ಲಿ ಕಾಲಿಟ್ಟರೆ ನೇರ ಸೆರೆಮನೆಗೆ. ನಮ್ಮ ಮಕ್ಕಳು 'ಗೋ ಟು ಜೈಲ್' ಎಂದು ಕೇಕೆ ಹಾಕುವ ಮನೆಯ ಬೇರು ಇದು.

ಮುಂದೆ ಆಕೆ ಈ ಆಟಕ್ಕೆ ಎರಡು ಬಗೆಯ ನಿಯಮ ಕೊಟ್ಟಳು. ಒಂದರಲ್ಲಿ, ಜಮೀನು ಹಿಡಿದವನಿಗೇ ಬಾಡಿಗೆ. ಎಲ್ಲರನ್ನೂ ಬರಿಗೈ ಮಾಡಿದವನೇ ಗೆದ್ದವನು. ಇನ್ನೊಂದರಲ್ಲಿ, ನೆಲದ ಬಾಡಿಗೆ ಎಲ್ಲರ ಬೊಕ್ಕಸಕ್ಕೆ ಹೋಗುತ್ತದೆ. ಎಲ್ಲರಿಗಿಂತ ಬಡವನಾದ ಆಟಗಾರನ ಹಣ ಇಮ್ಮಡಿಯಾದಾಗ ಎಲ್ಲರೂ ಗೆದ್ದಂತೆ. ಅದೇ ಹಾಸು, ಅದೇ ದಾಳ, ಅದೇ ಕಾಯಿ. ನಿಯಮ ಬದಲಾದರೆ ಮನುಷ್ಯರ ನಡತೆಯೂ ಬದಲಾಗುತ್ತದೆ ಎಂದು ತೋರಿಸುವುದು ಆಕೆಯ ಉದ್ದೇಶ. ಅರ್ಥಶಾಸ್ತ್ರದ ದಪ್ಪ ಪುಸ್ತಕ ಹೇಳುವುದನ್ನು ಒಂದು ಸಂಜೆಯಲ್ಲಿ ಮಕ್ಕಳಿಗೂ ತಿಳಿಸುವ ಉಪಾಯ.

1906ರಲ್ಲಿ ನ್ಯೂಯಾರ್ಕಿನಲ್ಲಿ 'ಎಕನಾಮಿಕ್ ಗೇಮ್ ಕಂಪನಿ' ಈ ಆಟವನ್ನು ಅಚ್ಚುಹಾಕಿತು. ಅದರಿಂದ ಲಿಜ್ಜಿಯ ಹೊಟ್ಟೆ ತುಂಬಲಿಲ್ಲ. ಆ ಹೊತ್ತಿಗೆ ಆಕೆ ಶಿಕಾಗೋದಲ್ಲಿದ್ದಳು. ಸ್ಟೆನೋಗ್ರಾಫರ್ ಕೆಲಸಕ್ಕೆ ವಾರಕ್ಕೆ ಹತ್ತು ಡಾಲರ್ ಸಂಬಳ. ಅಷ್ಟರಲ್ಲಿ ಒಂಟಿ ಹೆಂಗಸು ಬದುಕುವುದು ಕಷ್ಟ. ಆಗ ಆಕೆ ಮಾಡಿದ ಕೆಲಸ ದೇಶವನ್ನೇ ಬೆಚ್ಚಿಬೀಳಿಸಿತು. ತನ್ನನ್ನೇ ಮಾರಾಟಕ್ಕಿಟ್ಟು ಒಂದು ಜಾಹೀರಾತು ಕೊಟ್ಟಳು: ಅಮೆರಿಕದ ಒಬ್ಬ ತರುಣಿ ಗುಲಾಮಳು ಇದ್ದಾಳೆ, ಹೆಚ್ಚು ಬೆಲೆ ಕೂಗಿದವರಿಗೆ ಕೊಡಲಾಗುವುದು ಎಂದು. ಆ ದೇಶದಲ್ಲಿ ಗುಲಾಮಗಿರಿ ಕಾನೂನಿನಿಂದ ಅಳಿದು ನಾಲ್ವತ್ತೊಂದು ವರ್ಷವಾಗಿತ್ತಷ್ಟೆ. ಗುಲಾಮಗಿರಿಯ ವಿರುದ್ಧ ನಿಂತ ತಂದೆಯ ಮಗಳಿಗೆ ಆ ಮಾತಿನ ಭಾರ ಗೊತ್ತಿರಲಿಲ್ಲವೆಂದು ಹೇಳಲಾಗದು. ಪತ್ರಿಕೆಗಳು ಮುಗಿಬಿದ್ದವು. ಹೆಣ್ಣುಮಕ್ಕಳೂ ಯಂತ್ರಗಳಲ್ಲ, ಅವರಿಗೂ ಬುದ್ಧಿಯಿದೆ, ಆಸೆಯಿದೆ ಎಂಬ ಅರ್ಥದ ಮಾತನ್ನು ಆಕೆ ವರದಿಗಾರರಿಗೆ ಹೇಳಿದಳು. ಅದೇ ವರ್ಷ ಪತ್ರಿಕೆಯೊಂದರಲ್ಲಿ ವರದಿಗಾರ್ತಿಯ ಕೆಲಸ ಸಿಕ್ಕಿತು.

ಆಕೆಗೆ ಆಗ ನಾಲ್ವತ್ತು ವರ್ಷ. ನಮ್ಮಲ್ಲಿ ಆ ವಯಸ್ಸಿಗೆ ಹೆಂಗಸಿನ ಮುಂದೆ ಮಗಳ ಮದುವೆಯ ಮಾತು ನಡೆಯುತ್ತಿತ್ತು. ಲಿಜ್ಜಿ 1910ರಲ್ಲಿ, ನಾಲ್ವತ್ತನಾಲ್ಕನೆಯ ವಯಸ್ಸಿನಲ್ಲಿ, ಆಲ್ಬರ್ಟ್ ಫಿಲಿಪ್ಸ್ ಎಂಬವರನ್ನು ಮದುವೆಯಾದಳು. ಅದೇ ವರ್ಷ ಪಾರ್ಕರ್ ಬ್ರದರ್ಸ್ ಎಂಬ ದೊಡ್ಡ ಆಟದ ಕಂಪನಿ ಆಕೆಯ 'ಮಾಕ್ ಟ್ರಯಲ್' ಎಂಬ ಇನ್ನೊಂದು ಆಟವನ್ನು ಪ್ರಕಟಿಸಿತು. ಜಮೀನ್ದಾರನ ಆಟವನ್ನು ಮಾತ್ರ ಆ ಕಂಪನಿ ಬೇಡವೆಂದಿತ್ತು.

ಕಂಪನಿ ಬೇಡವೆಂದರೇನು, ಆಟಕ್ಕೆ ಕಾಲು ಬಂದಿತ್ತು. ಜಾರ್ಜನ ತತ್ತ್ವದ ಮೇಲೆ ಕಟ್ಟಿದ ಆರ್ಡೆನ್ ಎಂಬ ಹಳ್ಳಿಯಲ್ಲಿ ಜನ ಇದನ್ನು ಆಡುತ್ತಿದ್ದರು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದ ಸ್ಕಾಟ್ ನಿಯರಿಂಗ್ ಇದನ್ನು ತಮ್ಮ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು. ವಿದ್ಯಾರ್ಥಿಗಳು ಬಟ್ಟೆಯ ಮೇಲೆ, ಮೇಣಗಪಟದ ಮೇಲೆ ಹಾಸು ಬರೆದುಕೊಂಡು ತಮ್ಮ ತಮ್ಮ ಊರಿಗೆ ಒಯ್ದರು. ಊರು ಬದಲಾದಂತೆ ಬೀದಿಗಳ ಹೆಸರೂ ಬದಲಾದವು. ಚೌಕಾಬಾರ ಮನೆಯಿಂದ ಮನೆಗೆ ಹೋಗುವ ಹಾಗೆಯೇ. ಜನರ ಬಾಯಲ್ಲಿ ಅದು 'ಮೊನೊಪೊಲಿ ಆಟ'ವಾಯಿತು. ಎರಡನೆಯ ಬಗೆಯ ನಿಯಮ ದಾರಿಯಲ್ಲೆಲ್ಲೋ ಉದುರಿಹೋಯಿತು. ಲಿಜ್ಜಿಯ ಹೆಸರೂ ಉದುರಿತು.

1929ರಲ್ಲಿ ರೂತ್ ಹಾಸ್ಕಿನ್ಸ್ ಎಂಬ ಶಿಕ್ಷಕಿ ಇಂಡಿಯಾನಾಪೊಲಿಸಿನಿಂದ ಅಟ್ಲಾಂಟಿಕ್ ಸಿಟಿಗೆ ಹೋಗಿ, ಅಲ್ಲಿಯ ಕ್ವೇಕರ್ ಪಂಥದವರ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಈ ಆಟವನ್ನು ಅಲ್ಲಿಯ ಗೆಳೆಯರಿಗೆ ಕಲಿಸಿದವಳು ಆಕೆ. ನಮ್ಮ ಕಸುಬಿನವಳೇ ಒಬ್ಬಳು ಈ ಕಥೆಯೊಳಗೆ ಇದ್ದಾಳೆಂದು ನನಗೆ ಸಂತೋಷವಾಯಿತು. ಆ ಗೆಳೆಯರು ತಮ್ಮ ಊರಿನ ಬೀದಿಗಳ ಹೆಸರನ್ನು ಹಾಸಿನ ಮೇಲೆ ಬರೆದರು. ಮೌನವಾಗಿ ಪ್ರಾರ್ಥನೆ ಮಾಡುವ ಜನ ಅವರು. ಹರಾಜಿನ ಗದ್ದಲ ಅವರಿಗೆ ಒಗ್ಗಲಿಲ್ಲ. ಪ್ರತಿಯೊಂದು ಮನೆಯ ಮೇಲೂ ಬೆಲೆ ಬರೆದುಬಿಟ್ಟರು. ಇವತ್ತು ನಮ್ಮ ಮಕ್ಕಳು ದೆಹಲಿಗೆ ಇಷ್ಟು, ಮದರಾಸಿಗೆ ಇಷ್ಟು ಎಂದು ಓದಿ ಕೊಡುವ ಕ್ರಮಕ್ಕೆ ಅವರೇ ಕಾರಣ.

ಅಲ್ಲಿಂದ ಆಟ ಫಿಲಡೆಲ್ಫಿಯಾಕ್ಕೆ ಹೋಯಿತು. ಚಾರ್ಲ್ಸ್ ಟಾಡ್ ಎಂಬಾತ ತನ್ನ ಪರಿಚಯದ ಚಾರ್ಲ್ಸ್ ಡ್ಯಾರೋ ದಂಪತಿಗಳಿಗೆ ಅದನ್ನು ಆಡಿ ತೋರಿಸಿದ. 1929ರಲ್ಲಿ ಶುರುವಾದ ಆರ್ಥಿಕ ಕುಸಿತದ ಕಾಲ. ಡ್ಯಾರೋ ಕೆಲಸ ಕಳೆದುಕೊಂಡು ಕೂತಿದ್ದ. ನಿಯಮಗಳನ್ನೆಲ್ಲ ಬರೆಸಿಕೊಂಡ, ಹಾಸನ್ನು ಅಂದವಾಗಿ ಮಾಡಿಸಿದ, ತಾನೇ ಕಂಡುಹಿಡಿದದ್ದೆಂದು ಹೇಳಿ 1935ರಲ್ಲಿ ಪಾರ್ಕರ್ ಬ್ರದರ್ಸಿಗೆ ಮಾರಿದ. ಟಾಡ್ 'ಮಾರ್ವೆನ್ ಗಾರ್ಡನ್ಸ್' ಎಂಬ ಹೆಸರನ್ನು 'ಮಾರ್ವಿನ್' ಎಂದು ಬರೆದಿದ್ದ. ಆ ಕಾಗುಣಿತದ ತಪ್ಪು ಕೂಡ ಹಾಗೆಯೇ ಅಚ್ಚಾಯಿತು. ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಬರೆದ ಹುಡುಗ ಸಿಕ್ಕಿಬೀಳುವುದು ಇಂಥ ತಪ್ಪಿನಿಂದಲೇ ಎಂದು ಮೇಷ್ಟರುಗಳಿಗೆಲ್ಲ ಗೊತ್ತು.

ಮೊದಲ ವರ್ಷ 2,78,000 ಪ್ರತಿಗಳು ಮಾರಿಹೋದವು; ಮರುವರ್ಷ ಹದಿನೇಳೂವರೆ ಲಕ್ಷ. ಡ್ಯಾರೋ ಕೋಟ್ಯಧೀಶನಾದ. ಬಡವನೊಬ್ಬ ಮನೆಯ ಮೂಲೆಯಲ್ಲಿ ಕುಳಿತು ಕಂಡುಹಿಡಿದ ಆಟ ಎಂಬ ಕಥೆಯನ್ನು ಪೆಟ್ಟಿಗೆಯ ಜೊತೆಗೇ ಜನರಿಗೆ ಕೊಡಲಾಯಿತು. ಆ ಕಥೆಗೆ ಒಂದು ಅಡ್ಡಿ ಇತ್ತು. ಲಿಜ್ಜಿಯ ಮೊದಲ ಪೇಟೆಂಟಿನ ಅವಧಿ ಮುಗಿದಿದ್ದರೂ, ಸುಧಾರಿಸಿದ ಆಟಕ್ಕೆ ಆಕೆ 1924ರಲ್ಲಿ ಎರಡನೆಯ ಪೇಟೆಂಟ್ ಪಡೆದಿದ್ದಳು. 1935ರ ನವೆಂಬರಿನಲ್ಲಿ ಕಂಪನಿಯ ಹಿರಿಯರಾದ ಜಾರ್ಜ್ ಪಾರ್ಕರ್ ತಾವೇ ಆಕೆಯ ಮನೆಗೆ ಹೋಗಿ ಅದನ್ನು ಕೊಂಡರು. ಕೊಟ್ಟದ್ದು ಒಟ್ಟು 500 ಡಾಲರ್. ಮಾರಾಟದಲ್ಲಿ ಪಾಲಿಲ್ಲ.

ಅರವತ್ತೊಂಬತ್ತರ ಆ ಹೆಂಗಸು ಏಕೆ ಒಪ್ಪಿದಳು? ಲೆಕ್ಕ ಬಾರದವಳಲ್ಲ. ದೊಡ್ಡ ಕಂಪನಿ ಕೈಹಿಡಿದರೆ ಜಾರ್ಜನ ತತ್ತ್ವ ಮನೆಮನೆಗೂ ತಲುಪುತ್ತದೆ ಎಂಬ ಆಸೆ ಆಕೆಗೆ. ಕಂಪನಿ ಆಕೆಯ ಜಮೀನ್ದಾರನ ಆಟವನ್ನು 1939ರಲ್ಲಿ ಅಚ್ಚುಹಾಕಿತು. ಅದು ಮಾರಲಿಲ್ಲ, ಹೆಸರಾಗಲಿಲ್ಲ. ಅದಕ್ಕೂ ಮೊದಲೇ, 1936ರ ಜನವರಿಯಲ್ಲಿ, ಡ್ಯಾರೋನ ಹೆಸರು ಎಲ್ಲೆಲ್ಲೂ ಮೆರೆಯುತ್ತಿದ್ದುದನ್ನು ನೋಡಿ ಆಕೆ ಸುಮ್ಮನೆ ಕೂರದೆ ವಾಷಿಂಗ್ಟನ್ನಿನ ಪತ್ರಿಕೆಗಳೊಡನೆ ಮಾತನಾಡಿದ್ದಳು. ಹಳೆಯ ಹಾಸುಗಳನ್ನು ಕೈಯಲ್ಲಿ ಹಿಡಿದು ನಿಂತ ಬಿಳಿಗೂದಲಿನ ಆಕೆಯ ಚಿತ್ರ ಅಚ್ಚಾಯಿತು. ವಕೀಲರಿಗೆ, ಮುದ್ರಕರಿಗೆ, ಪೇಟೆಂಟ್ ಕಚೇರಿಗೆ ಕಟ್ಟಿದ್ದನ್ನೆಲ್ಲ ಕೂಡಿದರೆ ಈ ಆಟದಿಂದ ಬಂದದ್ದಕ್ಕಿಂತ ಹೋದದ್ದೇ ಹೆಚ್ಚು ಎಂದು ಪತ್ರಿಕೆ ಬರೆಯಿತು. ಜನ ಓದಿದರು, ಮರೆತರು. 1948ರಲ್ಲಿ, ಎಂಬತ್ತೊಂದನೆಯ ವಯಸ್ಸಿನಲ್ಲಿ ಲಿಜ್ಜಿ ತೀರಿಕೊಂಡಾಗ ಪತ್ರಿಕೆಯ ನಿಧನವಾರ್ತೆಯಲ್ಲಿ ಆ ಆಟದ ಸುದ್ದಿಯೇ ಇರಲಿಲ್ಲ.

ಹೆಸರು ಮತ್ತೆ ಮೇಲೆದ್ದದ್ದು ಒಂದು ಮೊಕದ್ದಮೆಯಿಂದ. ರಾಲ್ಫ್ ಆನ್‌ಸ್ಪಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು 1973ರಲ್ಲಿ 'ಆಂಟಿ-ಮೊನೊಪೊಲಿ' ಎಂಬ ಆಟ ತಂದರು. ಹೆಸರಿಗೆ ಕಂಪನಿಯ ತಕರಾರು ಬಂದು ವ್ಯಾಜ್ಯ ಶುರುವಾಯಿತು. ಕೋರ್ಟಿನ ಆಜ್ಞೆಯಂತೆ ಅವರ ಆಟದ ಸಾವಿರಾರು ಪೆಟ್ಟಿಗೆಗಳನ್ನು ಮಣ್ಣಿನಲ್ಲಿ ಹೂಳಲಾಯಿತು. ಪ್ರಾಧ್ಯಾಪಕರು ಹಿಂಜರಿಯದೆ ಆಟದ ಮೂಲ ಹುಡುಕುತ್ತ ಮುದುಕರಾದ ಹಳೆಯ ಆಟಗಾರರನ್ನು ಊರೂರಿನಲ್ಲಿ ಪತ್ತೆಮಾಡಿ, 1904ರ ಪೇಟೆಂಟಿನವರೆಗೂ ಹೋದರು. 1983ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವರ ಪರವಾದ ತೀರ್ಪನ್ನು ಹಾಗೆಯೇ ಉಳಿಸಿತು. ಅವರು ತಮಗಾಗಿ ಅಗೆದರು, ಸಿಕ್ಕಿದ್ದು ಲಿಜ್ಜಿ.

ಈ ಕಥೆ ನನ್ನನ್ನು ಇಷ್ಟು ಹಿಡಿದುಕೊಂಡದ್ದಕ್ಕೆ ಕಾರಣವುಂಟು. ನಾನೂ ಸಣ್ಣಪುಟ್ಟ ಆಟ ಕಟ್ಟುವವಳು. ಮದುವೆಯ ಕರೆಯೋಲೆಗಳ ಹಿಂಬದಿಯಲ್ಲಿ ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು ಎಂದು ಬರೆದು ಇಸ್ಪೀಟಿನಂತೆ ಎಲೆಗಳನ್ನು ಮಾಡಿದ್ದೆ. ರಾಜಧಾನಿ, ಲಾಂಛನ, ದೇವಾಲಯಗಳನ್ನು ವಂಶದೊಡನೆ ಜೋಡಿಸಿದವರಿಗೆ ಎಲೆ. ಪಾಠದಲ್ಲಿ ತೂಕಡಿಸುತ್ತಿದ್ದ ಹುಡುಗರು ಎಲೆಗಾಗಿ ಕಿತ್ತಾಡಿದರು. ಮನೆಯಲ್ಲಿ ನಮ್ಮತ್ತೆ, "ಇಷ್ಟು ವಯಸ್ಸಾದ ಮೇಲೂ ಆಟವೇನೇ ನಿನ್ನದು?" ಎನ್ನುತ್ತಿದ್ದರು, ಹಾಗೆನ್ನುತ್ತಲೇ ರಟ್ಟು ಕತ್ತರಿಸಿಕೊಡುತ್ತಿದ್ದರು. ಆ ಎಲೆಗಳು ಒಂದು ಪಾಠೋಪಕರಣ ಪ್ರದರ್ಶನಕ್ಕೆ ಹೋದವು, ಬಹುಮಾನವೂ ಬಂತು. ಪ್ರಮಾಣಪತ್ರದಲ್ಲಿದ್ದ ಹೆಸರು ನನ್ನದಲ್ಲ. ಕೇಳಿದ್ದಕ್ಕೆ, "ಆಟಕ್ಕೆಲ್ಲ ಹೆಸರೇನು ಬಿಡಿ ಮೇಡಂ, ಮಕ್ಕಳಿಗೆ ಉಪಯೋಗವಾದರೆ ಸಾಲದೇ?" ಎಂದರು. ಸಾಲುತ್ತದೆ, ಸರಿ. ಹಾಗಿದ್ದರೆ ಅಲ್ಲಿ ಇನ್ನೊಬ್ಬರ ಹೆಸರು ಏಕೆ ಬೇಕಾಯಿತು ಎಂದು ನಾನು ಕೇಳಿದೆ. ಉತ್ತರ ಬರಲಿಲ್ಲ. ಆದರೆ ಮರುವರ್ಷ ಪ್ರತಿಯೊಂದು ಎಲೆಯ ಮೂಲೆಯಲ್ಲೂ ನನ್ನ ಹೆಸರು ಬರೆದೇ ಕಳಿಸಿದೆ.

ಹೆಂಗಸು ಮಾಡಿದ್ದನ್ನು ಹಗುರವಾಗಿ ಕಾಣುವುದು ಒಂದು; ಆಟವನ್ನು ಹಗುರವಾಗಿ ಕಾಣುವುದು ಇನ್ನೊಂದು. ಎರಡೂ ಕೂಡಿದರೆ ಎತ್ತಿಕೊಂಡು ಹೋದವರಿಗೆ ಎತ್ತಿಕೊಂಡೆ ಎಂಬ ಅಳುಕೂ ಇರುವುದಿಲ್ಲ.

ಪುಸ್ತಕ ಓದಿದ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಬಿಸಿನೆಸ್ ಹಾಸು ಕೊಟ್ಟು ಎರಡೂ ಬಗೆಯಲ್ಲಿ ಆಡಿಸಿದೆ. ಮೊದಲನೆಯ ಬಗೆಯಲ್ಲಿ ಒಂದು ಗಂಟೆಯೊಳಗೆ ಒಬ್ಬ ಹುಡುಗ ಧಣಿಯಾದ, ಮಿಕ್ಕವರು ಸಾಲಗಾರರಾದರು. ಗದ್ದಲವೋ ಗದ್ದಲ. ಎರಡನೆಯ ಬಗೆಯಲ್ಲಿ ಬಾಡಿಗೆಯೆಲ್ಲ ನಡುವಿನ ಡಬ್ಬಿಗೆ. ಯಾರೂ ಮುಳುಗಲಿಲ್ಲ, ಗದ್ದಲವೂ ಇರಲಿಲ್ಲ. ಯಾವುದು ಚೆನ್ನಾಗಿತ್ತು ಎಂದೆ. ಬಹುಪಾಲು ಮಕ್ಕಳು ಮೊದಲನೆಯದೇ ಎಂದರು. ಮೊದಲ ಆಟದಲ್ಲಿ ಎಲ್ಲರಿಗಿಂತ ಮೊದಲು ಸೋತಿದ್ದ ಹುಡುಗಿ ಮಾತ್ರ, "ಆಡೋಕೆ ಮೊದಲನೇದು ಮಿಸ್, ಇರೋಕೆ ಎರಡನೇದು" ಎಂದಳು. ಅವಳ ಮನೆ ಬಾಡಿಗೆ ಮನೆ. ವರ್ಷದಲ್ಲಿ ಎರಡು ಸಲ ಮನೆ ಬದಲಾಯಿಸಿದ್ದರೆಂದು ನನಗೆ ಗೊತ್ತಿತ್ತು.

ಲಿಜ್ಜಿಯ ಕನಸು ಎಲ್ಲಿ ಸೋತಿತು ಎಂದು ನನಗೆ ಅಂದು ಅರ್ಥವಾಯಿತು. ಅನ್ಯಾಯವನ್ನು ಆಡಿ ನೋಡಿದ ಮಕ್ಕಳು ಬೆಳೆದು ಅದನ್ನು ಗುರುತಿಸುತ್ತಾರೆ ಎಂದು ಆಕೆ ನಂಬಿದ್ದಳು. ಮಕ್ಕಳು ಅದನ್ನು ಸವಿದರು. ಆದರೂ ನೂರರಲ್ಲಿ ಒಬ್ಬಳಿಗೆ ಅದು ಗುರುತಾಯಿತಲ್ಲ, ಆಕೆಯ ಪಾಠ ಪೂರ್ತಿ ವ್ಯರ್ಥವಾಗಲಿಲ್ಲ ಎಂದುಕೊಂಡೆ.

ಸ್ವತಂತ್ರವಾಗಿ ಬದುಕಿದ ಹೆಂಗಸು ಎಂದರೆ ನಾವು ಮೊದಲು ಕೇಳುವುದು ಸಂಬಳ ಎಷ್ಟು, ಸ್ವಂತ ಮನೆ ಇತ್ತೇ ಎಂದು. ಲಿಜ್ಜಿಗೆ ಎರಡೂ ಇದ್ದವು. ಅವು ಬೇಕು, ಅವಿಲ್ಲದೆ ಸಂಜೆಯ ಹೊತ್ತು ಬರೆಯಲು ದೀಪವೂ ಇರುವುದಿಲ್ಲ. ಆದರೆ ತಲೆಯಿಂದ ಹುಟ್ಟಿದ್ದಕ್ಕೆ ಇದು ನನ್ನದು ಎಂದು ಹೇಳುವ ಹಕ್ಕು ಇಲ್ಲದಿದ್ದರೆ ಆ ಸ್ವಾತಂತ್ರ್ಯ ಅರ್ಧವೇ. ಹೊಲ ಉಳುವವನದಾಗಬೇಕು ಎಂದು ಒಪ್ಪುವ ನಾವು, ಹಾಡು ಕಟ್ಟಿದವಳದು, ಆಟ ಹೂಡಿದವಳದು ಎಂದು ಒಪ್ಪಲು ಇನ್ನೂ ಹಿಂದೆಮುಂದೆ ನೋಡುತ್ತೇವೆ. "ನನ್ನದೇನಿಲ್ಲ, ಸುಮ್ಮನೆ ಹಾಗೇ ಮಾಡಿದ್ದು" ಎಂದು ನಮ್ಮ ಬಾಯಿಂದಲೇ ಬರುತ್ತದೆ. ಅದು ವಿನಯವೆಂದು ನಮಗೆ ಕಲಿಸಿದ್ದಾರೆ.

ಲಿಜ್ಜಿಗೆ ಆ ವಿನಯ ಇರಲಿಲ್ಲ. 1940ರಲ್ಲಿ ಅಮೆರಿಕದ ಜನಗಣತಿ ನಡೆದಾಗ ಆಕೆ ಎಪ್ಪತ್ತು ದಾಟಿದ ವಿಧವೆ. ಕಸುಬು ಯಾವುದು ಎಂಬ ಕಲಮಿನಲ್ಲಿ ಶೀಘ್ರಲಿಪಿಗಾರ್ತಿ ಎಂದು ಬರೆಸಲಿಲ್ಲ, ಗೃಹಿಣಿ ಎಂದು ಬರೆಸಲಿಲ್ಲ. ಆಟಗಳನ್ನು ಮಾಡುವವಳು ಎಂದು ಬರೆಸಿದಳು. ಆದಾಯದ ಕಲಮಿನಲ್ಲಿ ಸೊನ್ನೆ. ಆ ಸೊನ್ನೆಯನ್ನು ಓದಿ ನನಗೆ ಸಂಕಟವಾದದ್ದು ನಿಜ. ಆದರೆ ಅದರ ಪಕ್ಕದ ಕಲಮನ್ನು ನಾನು ಮತ್ತೆ ಮತ್ತೆ ಓದಿದೆ. ಲೋಕ ಕೊಡದ ಹೆಸರನ್ನು ಆಕೆ ಸರ್ಕಾರಿ ಕಾಗದದ ಮೇಲೆ ತಾನೇ ಬರೆಸಿಹೋಗಿದ್ದಾಳೆ. ಬಾಗಿಲಿಗೆ ಬಂದ ಗಣತಿಯವರು ನಮ್ಮನ್ನು ಕೇಳಿದಾಗ ನಾವೇನು ಬರೆಸುತ್ತೇವೆ?

ನಿಮ್ಮ ತಾಯಿಯೋ ಅತ್ತೆಯೋ ಹೊಸದೊಂದು ಹಾಡು ಕಟ್ಟಿದ್ದರೆ, ಮಕ್ಕಳಿಗೊಂದು ಆಟ ಹೂಡಿಕೊಟ್ಟಿದ್ದರೆ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೆಳಗೆ ಅವರ ಹೆಸರನ್ನೂ, ವರ್ಷವನ್ನೂ ಬರೆಯಿರಿ. ಚರಿತ್ರೆ ಶುರುವಾಗುವುದಕ್ಕೆ ಅಷ್ಟು ಸಾಕು.